ಬಸವನಹುಳುವಿಗೆ ಬದು ಗಡಿಯಲ್ಲ

ಮೃಗಶಿರಾ ಮಳೆ ಹದವಾಗಿ ಬಿದ್ದು, ಕೂರಿಗೆ ಹೂಡಿ ಸೋಯಾ ಬಿತ್ತಿ ವಾರವಾಗಿರುತ್ತದೆ. ಸಂಜೆ ನೋಡಿ ಬಂದಾಗ ಎರೆಮಣ್ಣು ಸೀಳಿಕೊಂಡು ಸಾಲುಸಾಲಾಗಿ ಎದ್ದಿದ್ದ ಮೊಳಕೆಗಳು ಬೆಳಿಗ್ಗೆ ಹೋದರೆ ಕಾಣುವುದಿಲ್ಲ. ಬದುವಿನ ಪಕ್ಕದ ನಾಲ್ಕಾರು ಸಾಲು ಪೂರ್ತಿ ಬೋಳು. ಒಳಗಿನ ಸಾಲುಗಳಲ್ಲಿ ಎಲೆಯಿಲ್ಲದ ಮೊಂಡು ದಂಟುಗಳು. ಮಣ್ಣಿನ ಮೇಲೆ ಬಿಸಿಲಿಗೆ ಮಿನುಗುವ ಅಂಟಿನ ಗೆರೆಗಳು ಬದುವಿನ ಕಲ್ಲುಗಳತ್ತ ಹೋಗಿರುತ್ತವೆ. ಆ ಕಲ್ಲನ್ನು ಮಗುಚಿದರೆ ಹತ್ತಿಪ್ಪತ್ತು ಬಸವನಹುಳುಗಳು ಒಂದಕ್ಕೊಂದು ಅಂಟಿಕೊಂಡು ಹಗಲು ಕಳೆಯುತ್ತಿರುತ್ತವೆ.

ಬೀದರ್ ಸೀಮೆಯ ಸೋಯಾ ಬೆಳೆಗಾರರು ಈಚಿನ ಮುಂಗಾರುಗಳಲ್ಲಿ ಕಂಡ ಹೊಲ ಇದು. 2022ರಲ್ಲಿ ಗಡಿಯಾಚೆಯ ಲಾತೂರು, ಬೀಡ್, ಉಸ್ಮಾನಾಬಾದ್ ಜಿಲ್ಲೆಗಳಲ್ಲೂ ಬಸವನಹುಳು ಸೋಯಾ ಮೊಳಕೆಯನ್ನು ಮೇಯ್ದು, ರೈತರು ಎರಡನೆಯ ಸಲ, ಕೆಲವರು ಮೂರನೆಯ ಸಲ ಬಿತ್ತಬೇಕಾಯಿತು. ಮರುಬಿತ್ತನೆ ಎಂದರೆ ಬೀಜದ ದುಡ್ಡಷ್ಟೇ ಅಲ್ಲ. ಗೊಬ್ಬರ ಹೋಯಿತು, ಆಳು ಹೋಯಿತು, ಎಲ್ಲಕ್ಕಿಂತ ಹೆಚ್ಚಾಗಿ ಹದ ಹೋಯಿತು. ಮೃಗಶಿರಾದಲ್ಲಿ ಬಿತ್ತಬೇಕಾದದ್ದನ್ನು ಪುನರ್ವಸುವಿನಲ್ಲಿ ಬಿತ್ತಿದರೆ ಬರುವ ಬೆಳೆ ಬೇರೆಯೇ.

ರಾಜ್ಯದ ಇನ್ನೊಂದು ತುದಿ ಕೊಡಗಿನಲ್ಲಿ ಇದೇ ಜೀವಿ ಬೇರೆ ರೀತಿಯಲ್ಲಿ ಕಾಡಿದೆ. ಸೋಮವಾರಪೇಟೆ ಕಡೆಯ ಶನಿವಾರಸಂತೆ ಹೋಬಳಿಯ ಕಾಫಿ ತೋಟಗಳಲ್ಲಿ ಕಳೆದ ದಶಕದಲ್ಲಿ ಅದು ಲೆಕ್ಕವಿಲ್ಲದಷ್ಟು ಹೆಚ್ಚಿತು. ತೋಟದ ನೆರಳು, ಕಾಲಡಿಯ ತರಗೆಲೆ, ಆರದ ತೇವ ಎಲ್ಲವೂ ಅದಕ್ಕೆ ಹೇಳಿ ಮಾಡಿಸಿದ ಮನೆ. ಅದು ಕಾಫಿ ಗಿಡದ ಎಲೆ ತಿನ್ನುತ್ತದೆ, ಎಳೆಯ ತೊಗಟೆ ಕೆರೆಯುತ್ತದೆ, ಕಾಯಿಗೂ ಬಾಯಿ ಹಾಕುತ್ತದೆ. ಹಾಲುವಾಣದ ಮರಕ್ಕೆ, ಮೆಣಸಿನ ಬಳ್ಳಿಗೆ, ಬಾಳೆಗೆ ಹತ್ತುತ್ತದೆ. ಮೆಣಸಿನ ತೋಟದಲ್ಲಿ ಅದು ತಿಂದದ್ದಕ್ಕಿಂತ ಬಿಟ್ಟುಹೋಗುವುದು ದೊಡ್ಡ ನಷ್ಟ: ಕೊಳೆ ತರುವ ಫೈಟಾಪ್ತೊರಾ ಎಂಬ ರೋಗಾಣುವಿನ ಬೀಜಾಣುಗಳು ಅದರ ಹಿಕ್ಕೆಯ ಮೂಲಕ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ದಾಟುತ್ತವೆ.

ಈ ಎರಡೂ ಕಡೆ ಓಡಾಡಿ, ಬೆಳೆಗಾರರ ಮಾತು ಕೇಳಿ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ. ಬಸವನಹುಳುವಿನ ಹತೋಟಿಯನ್ನು ನಾವು ಔಷಧಿ ಅಂಗಡಿಯ ಪ್ರಶ್ನೆ ಮಾಡಿಕೊಂಡಿದ್ದೇವೆ; ಅದು ಊರಿನ ಪ್ರಶ್ನೆ. ಯಾವ ಪುಡಿ ಎರಚಬೇಕು ಎಂದು ಕೇಳುವುದಕ್ಕಿಂತ ಮೊದಲು ಯಾವಾಗ ಹೆಕ್ಕಬೇಕು, ಯಾರ್ಯಾರು ಸೇರಿ ಹೆಕ್ಕಬೇಕು ಎಂದು ಕೇಳಿಕೊಳ್ಳಬೇಕು.

ಈ ಜೀವಿ ನಮ್ಮದಲ್ಲ. ಆಫ್ರಿಕಾದ ದೈತ್ಯ ಬಸವನಹುಳು ಎಂದು ಕರೆಸಿಕೊಳ್ಳುವ ಇದರ ತವರು ಪೂರ್ವ ಆಫ್ರಿಕಾದ ಕರಾವಳಿ. ಅಲ್ಲಿಂದ ಮಾರಿಷಸ್ಸಿಗೆ ಬಂತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಸೇವೆಯಲ್ಲಿದ್ದ, ಚಿಪ್ಪುಜೀವಿಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟರು. ಭಾರತದಲ್ಲಿ ಅದರ ಕಥೆ ಶುರುವಾದದ್ದು ಅಲ್ಲಿ. 20ನೇ ಶತಮಾನದಲ್ಲಿ ಏಷ್ಯಾದ ಉದ್ದಕ್ಕೂ, ಪೆಸಿಫಿಕ್ ದ್ವೀಪಗಳವರೆಗೂ ಅದು ಹಬ್ಬಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಪಾನೀ ಸೈನಿಕರು ಆಹಾರಕ್ಕೆಂದು ದ್ವೀಪದಿಂದ ದ್ವೀಪಕ್ಕೆ ಒಯ್ದರು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರಿದೆ.

ತಾನಾಗಿ ತೆವಳಿ ಅದು ಅಷ್ಟು ದೂರ ಹೋಗಲಾರದು. ಸಾಗಿಸಿದವರು ನಾವೇ. ಮರಳು ಲಾರಿ, ಮರದ ದಿಮ್ಮಿ, ನರ್ಸರಿಯ ಪಾಲಿಥೀನ್ ಚೀಲದ ಮಣ್ಣು, ಕೊಟ್ಟಿಗೆ ಗೊಬ್ಬರ, ಬಾಳೆ ಕಂದಿನ ಬುಡ, ಹೀಗೆ ಮಣ್ಣು ಹೋದಲ್ಲೆಲ್ಲ ಮೊಟ್ಟೆಯೂ ಹೋಗುತ್ತದೆ. ಹೊಸ ಜಾಗಕ್ಕೆ ಒಂದೇ ಹುಳು ಹೋದರೂ ಸಾಕಾಗಬಹುದು. ಪ್ರತಿಯೊಂದು ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿವೆ. ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ತಿಂಗಳುಗಳ ಕಾಲ ಮೊಟ್ಟೆ ಇಡಬಲ್ಲದು. ಒಂದು ಸಲಕ್ಕೆ ನೂರಕ್ಕೂ ಮೇಲೆ, ವರ್ಷಕ್ಕೆ 1,200ರವರೆಗೆ. ಸಾಬೂದಾನಿಯಂಥ ಬಿಳಿಹಳದಿ ಮೊಟ್ಟೆಗಳು, ಸಡಿಲ ಮಣ್ಣಿನಲ್ಲಿ ಎರಡು ಮೂರು ಅಂಗುಲ ಆಳದಲ್ಲಿ ಗುಂಪಾಗಿ ಸಿಗುತ್ತವೆ. ಒಂದೆರಡು ವಾರದಲ್ಲಿ ಮರಿ ಹೊರಬರುತ್ತದೆ. ಆರೇಳು ತಿಂಗಳಿಗೆ ಆ ಮರಿಯೂ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ. 500ಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನುತ್ತದೆ. ಚಿಪ್ಪು ಬೆಳೆಸಲು ಸುಣ್ಣ ಬೇಕಾದ್ದರಿಂದ ಸುಣ್ಣ ಬಳಿದ ಗೋಡೆಯನ್ನೂ ನೆಕ್ಕುತ್ತದೆ. ಮಳೆಗಾಲದ ಬೆಳಿಗ್ಗೆ ಕಾಂಪೌಂಡಿನ ಗೋಡೆಯ ಮೇಲೆ ಅದು ಕಾಣುವುದಕ್ಕೆ ಇದೇ ಕಾರಣ.

ಬೇಸಿಗೆ ಬಂದರೆ ಅದು ಸಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿ, ಕಲ್ಲಿನ ಸಂದಿನಲ್ಲೋ ಮಣ್ಣಿನೊಳಗೋ ಮರದ ಪೊಟರೆಯಲ್ಲೋ ತಿಂಗಳುಗಟ್ಟಲೆ ಮಲಗಿರುತ್ತದೆ. ಹೂಮಳೆಯ ನಾಲ್ಕು ಹನಿ, ರೋಹಿಣಿಯ ಒಂದು ಸುರಿತ ಬಿದ್ದರೆ ಎದ್ದು ತಿನ್ನಲು ಹೊರಡುತ್ತದೆ. ತಿಂದು ಕೂಡಿ ಮೊಟ್ಟೆ ಇಡುತ್ತದೆ. ರೈತನಿಗೆ ಸಿಗುವ ಅವಕಾಶ ಇರುವುದು ಈ ಎಚ್ಚರಕ್ಕೂ ಮೊಟ್ಟೆಗೂ ನಡುವೆ. ಮೊದಲ ಮಳೆಗೆ ಎದ್ದ ದೊಡ್ಡ ಹುಳು ಒಂದನ್ನು ಆ ವಾರದಲ್ಲೇ ಹೆಕ್ಕಿ ಕೊಂದರೆ ಮುಂದಿನ ಸಾವಿರ ಹುಳುಗಳ ಕಾಟ ತಪ್ಪುತ್ತದೆ. ಆಷಾಢದಲ್ಲಿ ತೋಟದ ತುಂಬ ಬೆರಳುಗುರಿನ ಗಾತ್ರದ ಮರಿಗಳು ಹರಿದಾಡುವಾಗ ಹೆಕ್ಕಲು ಹೊರಟರೆ ಆಳಿನ ಕೂಲಿಯೂ ಗಿಟ್ಟದು, ಕಣ್ಣಿಗೂ ಸಿಗವು. ನಮ್ಮಲ್ಲಿ ಹೆಚ್ಚಿನವರು ಎಚ್ಚೆತ್ತುಕೊಳ್ಳುವುದು ಆಷಾಢದಲ್ಲೇ. ಅದು ನೋವಿನ ಸಂಗತಿ.

ಹೆಕ್ಕುವುದಕ್ಕೂ ಒಂದು ಕ್ರಮವಿದೆ. ಹುಳು ರಾತ್ರಿ ಓಡಾಡುತ್ತದೆ, ಬಿಸಿಲೇರುವ ಮೊದಲು ಅಡಗುತ್ತದೆ. ಅದನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಅದು ತಾನಾಗಿ ಬಂದು ಸೇರುವ ಜಾಗ ಮಾಡಿಕೊಡುವುದು ಜಾಣತನ. ಗೋಣಿಚೀಲವನ್ನು ನೀರಿನಲ್ಲಿ ನೆನೆಸಿ, ಅದರಡಿ ಪಪ್ಪಾಯಿ ಎಲೆ, ಪಪ್ಪಾಯಿ ದಿಂಡಿನ ತುಂಡು, ಕೋಸಿನ ಎಲೆ ಹರಡಿ, ಸಂಜೆ ತೋಟದ ಅಂಚಿನಲ್ಲಿ ಅಲ್ಲಲ್ಲಿ ಹಾಸಬೇಕು. ಪಪ್ಪಾಯಿಯ ವಾಸನೆಗೆ ಅದು ಸೋಲುತ್ತದೆ. ರಾತ್ರಿ ಮೇಯ್ದು ಬೆಳಿಗ್ಗೆ ಅಲ್ಲೇ ಅಡಗಿರುತ್ತದೆ. ಆರು ಏಳು ಗಂಟೆಯೊಳಗೆ ಹೋಗಿ ಚೀಲ ಎತ್ತಿದರೆ ರಾಶಿ ಸಿಗುತ್ತದೆ. ಹಿತ್ತಲಿನ ಕೈತೋಟಕ್ಕೂ ಇದೇ ಉಪಾಯ ಸಾಕು. ಒಂದು ಹಳೆಯ ಹಲಗೆ, ಅದರಡಿ ಕಲ್ಲಂಗಡಿ ಸಿಪ್ಪೆ ಇಟ್ಟರೆ ಚಿಪ್ಪಿಲ್ಲದ ಬಸವನಹುಳುಗಳೂ ಅಲ್ಲಿ ಬಂದು ಸೇರುತ್ತವೆ.

ಕೈಗವಸು ಇಲ್ಲದೆ ಮುಟ್ಟಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತೋಟಗಳಲ್ಲಿ ಹೆಕ್ಕುವವರು ಹೆಚ್ಚಾಗಿ ಹೆಂಗಸರು, ಅವರ ಕೈಯಲ್ಲಿ ಗವಸು ಕಾಣುವುದು ಅಪರೂಪ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಎಳೆಹುಳು ಇದೆ. ಇಲಿಯ ಹಿಕ್ಕೆಯಲ್ಲಿ ಅದರ ಮರಿ ಹೊರಬೀಳುತ್ತದೆ, ಹಿಕ್ಕೆ ತಿಂದ ಬಸವನಹುಳುವಿನೊಳಗೆ ಬೆಳೆಯುತ್ತದೆ. ಹೇಗೋ ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನತ್ತ ಹೊರಟು ಮಿದುಳು ಪೊರೆಯ ಉರಿಯೂತ ತರುತ್ತದೆ. ಸಿಡ್ನಿಯ ಯುವಕನೊಬ್ಬ 2010ರಲ್ಲಿ ಗೆಳೆಯರ ಸವಾಲಿಗೆ ಚಿಪ್ಪಿಲ್ಲದ ಬಸವನಹುಳುವೊಂದನ್ನು ನುಂಗಿದ. ಕೋಮಾಕ್ಕೆ ಹೋಗಿ, ದೇಹ ಸ್ವಾಧೀನ ಕಳೆದುಕೊಂಡು ವರ್ಷಗಟ್ಟಲೆ ನರಳಿ 2018ರಲ್ಲಿ ತೀರಿಕೊಂಡ. ನಾವು ಯಾರೂ ಹಾಗೆ ನುಂಗುವವರಲ್ಲ. ಆದರೆ ತೋಟದ ಸೊಪ್ಪನ್ನು ಸರಿಯಾಗಿ ತೊಳೆಯದೆ ಹಸಿಯಾಗಿ ತಿನ್ನುತ್ತೇವೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮಕ್ಕಳು ಆಟಕ್ಕೆ ಈ ಹುಳುವನ್ನು ಕೈಯಲ್ಲಿ ಹಿಡಿದು, ಅದೇ ಕೈ ಬಾಯಿಗೆ ಹಾಕುತ್ತಾರೆ. ಸೊಪ್ಪನ್ನು ಎಲೆ ಎಲೆ ಬಿಡಿಸಿ ತೊಳೆದು ಬೇಯಿಸಿದರೆ, ಕೈಯನ್ನು ಸೋಪು ಹಾಕಿ ತೊಳೆದರೆ ಭಯವಿಲ್ಲ. ಮುಟ್ಟಿದ ಮಾತ್ರಕ್ಕೆ ರೋಗ ಬರುವುದಿಲ್ಲ ಎಂಬುದನ್ನೂ ಹೇಳಬೇಕು.

ಹೆಕ್ಕಿದ ಹುಳುವನ್ನು ಏನು ಮಾಡುವುದು? ರಸ್ತೆಯಾಚೆ ಎಸೆಯುವವರಿದ್ದಾರೆ, ಹಳ್ಳಕ್ಕೆ ಸುರಿಯುವವರಿದ್ದಾರೆ. ಅದು ಹುಳುವಿಗೆ ಹೊಸ ಊರು ತೋರಿಸಿದಂತೆಯೇ. ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಸತ್ತದ್ದನ್ನು ಖಾತ್ರಿ ಮಾಡಿಕೊಂಡು, ನೀರಿನ ಸೆಲೆಯಿಂದ ದೂರ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಉಪ್ಪು ಬಕೆಟ್ಟಿನಲ್ಲೇ ಇರಲಿ. ಗಿಡದ ಬುಡಕ್ಕೆ ಉಪ್ಪು ಎರಚಿದರೆ ಹುಳುವಿನ ಜೊತೆ ಗಿಡವೂ ಮಣ್ಣೂ ಕೆಡುತ್ತವೆ. ಖಾಲಿ ಚಿಪ್ಪನ್ನೂ ಬಯಲಲ್ಲಿ ಬಿಡಬಾರದು; ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ.

ಇನ್ನು ವಿಷದ ಮಾತು. ಅಂಗಡಿಯಲ್ಲಿ ಕೊಡುವ ಮಾಮೂಲಿ ಕೀಟನಾಶಕ ಸಿಂಪಡಿಸಿ ಕೈ ಸುಟ್ಟುಕೊಂಡ ರೈತರು ಬಹಳ. ಬಸವನಹುಳು ಕೀಟವಲ್ಲ, ಅದು ಕಪ್ಪೆಚಿಪ್ಪಿನ, ಆಕ್ಟೋಪಸ್ಸಿನ ನಂಟ. ಮೈಮೇಲಿನ ಲೋಳೆ ಸಿಂಪಡಿಸಿದ್ದನ್ನು ಒಳಗೆ ಬಿಡುವುದಿಲ್ಲ. ಸಾಯುವುದು ಅದರ ಮರಿಗಳನ್ನು ತಿನ್ನುವ ನೆಲಜೀರುಂಡೆ ಮತ್ತು ಮಿಂಚುಹುಳುವಿನ ಮರಿ. ಹೌದು, ಮಳೆಗಾಲದ ಮೊದಲಿಗೆ ಮಲೆನಾಡಿನ ಮರಗಳಲ್ಲಿ ಬೆಳಗುವ ಮಿಂಚುಹುಳುಗಳಲ್ಲಿ ಎಷ್ಟೋ ಜಾತಿಗಳ ಮರಿಗಳು ನೆಲದಲ್ಲಿ ಬಸವನಹುಳುಗಳನ್ನೇ ಬೇಟೆಯಾಡಿ ಬೆಳೆಯುತ್ತವೆ. ಕೆಂಬೂತವೂ ಹಾಗೆಯೇ, ಚಿಪ್ಪು ಒಡೆದು ತಿನ್ನುತ್ತದೆ. ಬೇಲಿಸಾಲಿನ ಪೊದೆಯನ್ನೆಲ್ಲ ಸವರಿ ಕೆಂಬೂತಕ್ಕೆ ಗೂಡಿಲ್ಲದ ಹಾಗೆ ಮಾಡಿ, ಆಮೇಲೆ ವಿಷಕ್ಕೆ ಸಾಲ ಮಾಡುವ ತೋಟಗಳನ್ನು ಕಂಡಾಗ ಸಂಕಟವಾಗುತ್ತದೆ.

ಬಸವನಹುಳುವಿಗೆಂದೇ ಇರುವ ವಿಷ ಮೆಟಾಲ್ಡಿಹೈಡ್. ಹರಳಿನ ರೂಪದಲ್ಲಿ ಸಿಗುತ್ತದೆ. ತೌಡು, ಬೆಲ್ಲ ಕಲೆಸಿ ವಿಷಪಾಷಾಣ ಮಾಡಿಯೂ ಇಡುತ್ತಾರೆ. ತಿಂದ ಹುಳು ಲೋಳೆಯನ್ನೆಲ್ಲ ಕಕ್ಕಿ, ಒಣಗಿ ಸಾಯುತ್ತದೆ. ಆದರೆ ಒಣಗಬೇಕಲ್ಲ? ಕೊಡಗಿನ ಜುಲೈ ಮಳೆಯಲ್ಲಿ ಸುಸ್ತಾಗಿ ಬಿದ್ದ ಹುಳು ನೀರು ಕುಡಿದು ಮತ್ತೆ ಎದ್ದೇಳುವುದುಂಟು. ಮಳೆ ಬಿಡುವು ಕೊಟ್ಟ ಸಂಜೆ ಇಟ್ಟು, ಬೆಳಿಗ್ಗೆ ಬಿದ್ದ ಹುಳುಗಳನ್ನು ಆರಿಸಿ ಹೂತರೆ ಮಾತ್ರ ದುಡ್ಡಿಗೆ ಬೆಲೆ. ಇನ್ನೊಂದು ಅಪಾಯ, ತೌಡು ಬೆಲ್ಲದ ವಾಸನೆಗೆ ನಾಯಿ, ದನ, ಕೋಳಿ ಬರುತ್ತವೆ. ನಾಯಿಗೆ ಈ ವಿಷ ಬಲು ಕೆಟ್ಟದ್ದು. ಮೈ ಅದುರಿ, ಸೆಟೆದು ಸಾಯುತ್ತದೆ. ಹಕ್ಕಿ ಮತ್ತು ಪ್ರಾಣಿಗಳಿಗೆ ಕೇಡು ಎಂಬ ಕಾರಣದಿಂದ ಬ್ರಿಟನ್ನಿನಲ್ಲಿ 2022ರ ಮಾರ್ಚ್ ಕೊನೆಯಿಂದ ಹೊರಾಂಗಣದಲ್ಲಿ ಇದರ ಬಳಕೆ ನಿಂತಿದೆ. ನಮ್ಮಲ್ಲಿ ಬಳಸುವವರು ರಾಶಿ ಹಾಕದೆ, ಒಡೆದ ಮಡಕೆಯಡಿಯೋ ತೆಂಗಿನ ಚಿಪ್ಪಿನಡಿಯೋ ಹುಳು ಮಾತ್ರ ತೂರುವ ಹಾಗೆ ಚಿಟಿಕೆ ಚಿಟಿಕೆ ಇಡಲಿ. ಕಬ್ಬಿಣದ ಫಾಸ್ಫೇಟ್ ಎಂಬ ಇನ್ನೊಂದು ಹರಳು ಇದಕ್ಕಿಂತ ಎಷ್ಟೋ ಸೌಮ್ಯ. ಅದನ್ನು ತಿಂದ ಹುಳು ಮೇಯುವುದನ್ನು ನಿಲ್ಲಿಸಿ, ಮೂಲೆ ಸೇರಿ ಕೆಲವು ದಿನಗಳಲ್ಲಿ ಸಾಯುತ್ತದೆ. ಹೆಣ ಕಣ್ಣಿಗೆ ಬೀಳದ ಕಾರಣ ಔಷಧಿ ಕೆಲಸ ಮಾಡಲಿಲ್ಲ ಎಂದು ಬೈದುಕೊಳ್ಳುವವರಿದ್ದಾರೆ. ಎಲೆ ಉಳಿದಿದೆಯೇ ಎಂದು ನೋಡಬೇಕು.

ಮನೆಮದ್ದುಗಳ ಬಗ್ಗೆ ನೇರವಾಗಿ ಹೇಳುವುದೇ ಒಳ್ಳೆಯದು. ಮೊಟ್ಟೆ ಸಿಪ್ಪೆ ಸುತ್ತ ಹಾಕಿ, ತಾಮ್ರದ ಪಟ್ಟಿ ಸುತ್ತಿ, ಜಲ್ಲಿ ಹರಡಿ ಎಂಬ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಪ್ರತಿ ಮಳೆಗಾಲ ಓಡಾಡುತ್ತವೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ತಾಮ್ರದ ಪಟ್ಟಿ, ಮೊಟ್ಟೆ ಸಿಪ್ಪೆ, ಜಲ್ಲಿ, ಮರದ ತೊಗಟೆ ಚೂರು, ಉಣ್ಣೆ ಉಂಡೆ ಎಲ್ಲವನ್ನೂ ಲೆಟ್ಯೂಸ್ ಗಿಡಗಳ ಸುತ್ತ ಹಾಕಿ ಪರೀಕ್ಷಿಸಿತು. ಏನೂ ಹಾಕದ ಗಿಡಕ್ಕೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೂದಿ, ಸುಣ್ಣದ ಪಟ್ಟಿ ಒಣಗಿರುವಷ್ಟು ಹೊತ್ತು ತಡೆಯುತ್ತವೆ. ಬೀದರಿನ ಹೊಲದಲ್ಲಿ ಎರಡು ಮಳೆಗಳ ನಡುವೆ ಬದುವಿನುದ್ದಕ್ಕೆ ನಾಲ್ಕು ಅಂಗುಲ ಅಗಲ ಸುಣ್ಣದ ಪಟ್ಟಿ ಎಳೆದರೆ ಮೊಳಕೆಗೆ ನಾಲ್ಕು ದಿನ ಸಿಗಬಹುದು, ಆ ನಾಲ್ಕು ದಿನವೂ ಅಮೂಲ್ಯವೇ. ಮಡಿಕೇರಿಯ ಜಿಟಿಮಳೆಯಲ್ಲಿ ಅದೇ ಪಟ್ಟಿ ಸಂಜೆಯೊಳಗೆ ಕೊಚ್ಚಿ ಹೋಗುತ್ತದೆ.

ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಮಾತ್ರ ನಿಜವಾದ ಬಲವಿದೆ, ನಮ್ಮವರಿಗೆ ಅದರ ರೂಢಿಯೂ ಇದೆ. ಅಡಿಕೆಯ ಕೊಳೆರೋಗಕ್ಕೆ ಅದರಿಂದ ಬೋರ್ಡೋ ದ್ರಾವಣ ಕಲೆಸಿ ಗೊತ್ತಿರುವ ಮಲೆನಾಡಿಗೆ ಹೊಸತೇನಲ್ಲ. ಕಿತ್ತಳೆ ಜಾತಿಯ ಮರಗಳ ಬುಡಕ್ಕೆ ಬೋರ್ಡೋ ಬಳಿದರೆ ಬಸವನಹುಳು ಮೇಲೇರುವುದಿಲ್ಲ ಎಂಬುದನ್ನು ಕ್ಯಾಲಿಫೋರ್ನಿಯಾದ ಬೆಳೆಗಾರರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಕೇರಳದಲ್ಲಿ ಈ ಹುಳುವಿನ ಹಾವಳಿ ಮಿತಿಮೀರಿದಾಗ ಜನ ಹಿಡಿದ ದಾರಿ ಹೊಗೆಸೊಪ್ಪು ಮತ್ತು ಮೈಲುತುತ್ತದ ಜೋಡಿ. 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಸೋಸಿ, 60 ಗ್ರಾಂ ಮೈಲುತುತ್ತವನ್ನು ಒಂದು ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಿ, ಎರಡನ್ನೂ ಕೂಡಿಸಿ ನೇರ ಹುಳುಗಳ ಮೇಲೆ ಸಿಂಪಡಿಸುವುದು. ಚೀಲದಡಿ ಗುಂಪು ಸೇರಿಸಿ ಅಲ್ಲಿಗಷ್ಟೇ ಸಿಂಪಡಿಸಬೇಕು. ತೋಟದ ತುಂಬ ವರ್ಷ ವರ್ಷ ತಾಮ್ರ ಸುರಿದರೆ ಅದು ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳು ನಾಶವಾಗುತ್ತದೆ. ಎಲೆಗೆ ಬಿದ್ದರೆ ಎಲೆ ಸುಡುತ್ತದೆ.

ಬಸವನಹುಳುವನ್ನು ತಿನ್ನುವ ಇನ್ನೊಂದು ಜೀವಿಯನ್ನು ಹೊರಗಿನಿಂದ ತಂದು ಬಿಟ್ಟರೆ ಹೇಗೆ ಎಂದು ಕೇಳುವವರು ಪೆಸಿಫಿಕ್ ದ್ವೀಪಗಳಲ್ಲಿ ಆದದ್ದನ್ನು ತಿಳಿಯಬೇಕು. ಅಮೆರಿಕದ ಫ್ಲೋರಿಡಾ ಕಡೆಯ, ಬೇರೆ ಬಸವನಹುಳುಗಳನ್ನು ಬೇಟೆಯಾಡುವ ಗುಲಾಬಿ ತೋಳ ಬಸವನಹುಳುವನ್ನು 1955ರಲ್ಲಿ ಹವಾಯಿಗೆ ತಂದರು. 1974ರಲ್ಲಿ ತಹೀತಿಗೆ, 1977ರಲ್ಲಿ ಪಕ್ಕದ ಮೊರಿಯಾ ದ್ವೀಪಕ್ಕೆ ಬಿಟ್ಟರು. ಅದು ದೈತ್ಯನ ಬದಲು ಆ ದ್ವೀಪಗಳಿಗೇ ಸೀಮಿತವಾಗಿದ್ದ ಪುಟ್ಟ ಪಾರ್ಟುಲಾ ಹುಳುಗಳ ಬೆನ್ನು ಹತ್ತಿತು. ಹತ್ತು ವರ್ಷದೊಳಗೆ ಮೊರಿಯಾದ ಕಾಡಿನಲ್ಲಿ ಪಾರ್ಟುಲಾ ಬಹುತೇಕ ಅಳಿದುಹೋಯಿತು. ಮೃಗಾಲಯಗಳಲ್ಲಿ ಕಾಪಾಡಿದ ಕೆಲವು ಜಾತಿಗಳನ್ನು 2015ರಿಂದ ಮರಳಿ ಕಾಡಿಗೆ ಬಿಡುವ ಕೆಲಸ ನಡೆದಿದೆ. ದೈತ್ಯ ಬಸವನಹುಳು ಇನ್ನೂ ಅಲ್ಲೇ ಇದೆ.

ನಮಗಂತೂ ಕಳೆದುಕೊಳ್ಳಲು ಬಹಳ ಇದೆ. ಪಶ್ಚಿಮಘಟ್ಟದಲ್ಲಿ 250ಕ್ಕೂ ಹೆಚ್ಚು ಬಗೆಯ ನೆಲದ ಬಸವನಹುಳುಗಳಿವೆ, ಅವುಗಳಲ್ಲಿ ಬಹುಪಾಲು ಬೇರೆಲ್ಲೂ ಇಲ್ಲ. ಕೆಂಪು, ಹಳದಿ ಮೈಯ ಇಂಡ್ರೆಲ್ಲಾ ಎಂಬ ಚೆಲುವೆ ಮಳೆಗಾಲದ ಕಾಡಿನಲ್ಲಿ ಕಾಣುತ್ತದೆ. ಆ ಕುಲಕ್ಕೆ ಅದೊಂದೇ ಜಾತಿ. ಇವುಗಳಲ್ಲಿ ಹೆಚ್ಚಿನವು ಕೊಳೆತ ಎಲೆ, ಪಾಚಿ, ಅಣಬೆ ತಿಂದು ಮಣ್ಣಿಗೆ ಸತ್ವ ಸೇರಿಸುವಂಥವು. ಹಾಗಾಗಿ ತೋಟದಲ್ಲಿ ಹೆಕ್ಕುವವರಿಗೆ ಗುರುತು ಕಲಿಸಬೇಕು. ದೈತ್ಯನ ಚಿಪ್ಪು ಉದ್ದನೆಯ ಶಂಕು, ಕಂದು ಮೈಮೇಲೆ ಮಾಸಲು ಹಳದಿಯ ಉದ್ದುದ್ದ ಪಟ್ಟೆ, ಬೆಳೆದದ್ದು ಅಂಗೈಯಷ್ಟಿರುತ್ತದೆ. ಚಪ್ಪಟೆ ಚಿಪ್ಪಿನ, ಗುಂಡು ಚಿಪ್ಪಿನ ಸಣ್ಣವನ್ನು ಕಾಡಂಚಿನಲ್ಲಿ ಕಂಡರೆ ಬಿಟ್ಟುಬಿಡಿ.

ಊರಿನ ಪ್ರಶ್ನೆ ಎಂದು ಮೊದಲೇ ಹೇಳಿದೆ. ಫ್ಲೋರಿಡಾದ ಅನುಭವ ಅದನ್ನೇ ತೋರಿಸುತ್ತದೆ. 1966ರಲ್ಲಿ ಮಯಾಮಿಯ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳು ತಂದ, ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟರು. ಮುಂದಿನ ವರ್ಷಗಳಲ್ಲಿ 18,000 ಹುಳು ಹೆಕ್ಕಿ, ಹತ್ತು ಲಕ್ಷ ಡಾಲರಿಗೂ ಮೇಲೆ ಸುರಿದು ನಿರ್ನಾಮ ಮಾಡಿದರು. 2011ರಲ್ಲಿ ಮತ್ತೆ ಕಾಣಿಸಿತು. ಮನೆ ಮನೆಗೆ ಹೋಗಿ, ವಾಸನೆ ಹಿಡಿಯುವ ನಾಯಿಗಳನ್ನು ಪಳಗಿಸಿ, 1.6 ಲಕ್ಷಕ್ಕೂ ಹೆಚ್ಚು ಹುಳು ಹೆಕ್ಕಿ 2021ರಲ್ಲಿ ಗೆದ್ದೆವೆಂದು ಸಾರಿದರು. 2022ರಲ್ಲಿ ಅದೇ ರಾಜ್ಯದ ಇನ್ನೊಂದು ಕಡೆ ಹೊಸದಾಗಿ ಸಿಕ್ಕಿತು, ಮತ್ತೆ ಶುರು ಮಾಡಿದರು. ಅಷ್ಟು ಹಣ, ಅಷ್ಟು ಜನ ನಮ್ಮಲ್ಲಿಲ್ಲ. ಇಲ್ಲಿ ಅದು ಪೂರ್ತಿ ಅಳಿಸಬಹುದಾದ ಹಂತವನ್ನೂ ದಾಟಿದೆ. ಆದರೆ ಯಾವ ಹಿತ್ತಲನ್ನೂ ಬಿಡದೆ ಹುಡುಕುವ ಆ ಪಟ್ಟು ನಮಗೂ ಬೇಕು.

ಪಕ್ಕದ ತೋಟದವರು ಹೆಕ್ಕದಿದ್ದರೆ ನಾವು ಹೆಕ್ಕಿ ಏನು ಬಂತು ಎಂಬ ಮಾತನ್ನು ಕೊಡಗಿನಲ್ಲೂ ಕೇಳಿದ್ದೇನೆ, ಬೀದರಿನಲ್ಲೂ ಕೇಳಿದ್ದೇನೆ. ಮಾತು ಸರಿ. ಯಜಮಾನರು ಪಟ್ಟಣ ಸೇರಿ ಪಾಳುಬಿಟ್ಟ ತೋಟ, ಸರ್ಕಾರಿ ಹಳ್ಳದ ದಂಡೆ, ರಸ್ತೆ ಬದಿಯ ಕಳೆ, ಯಾರದೂ ಅಲ್ಲದ ಕಲ್ಲುರಾಶಿಗಳೇ ಹುಳುವಿನ ತವರುಮನೆ. ಅಲ್ಲಿಗೆ ಒಬ್ಬ ರೈತ ಕೂಲಿ ಕೊಟ್ಟು ಆಳು ಕಳಿಸಲಾರ. ಅದು ಪಂಚಾಯಿತಿ ಮಾಡಬೇಕಾದ ಕೆಲಸ. ಕೃಷಿ ಇಲಾಖೆ, ಕಾಫಿ ಮಂಡಳಿ, ತೋಟಗಾರಿಕೆ ಇಲಾಖೆಗಳು ಹಾನಿಯಾದ ಮೇಲೆ ಬಂದು ಕರಪತ್ರ ಹಂಚುವುದಕ್ಕಿಂತ ಮೇ ತಿಂಗಳಲ್ಲೇ ಗ್ರಾಮಸಭೆ ಕರೆದು, ರೋಹಿಣಿ ಮಳೆಯ ವಾರದಲ್ಲಿ ಇಡೀ ಊರು ಒಂದೇ ದಿನ ಹೆಕ್ಕುವ ಏರ್ಪಾಡು ಮಾಡಲಿ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡಲಿ, ಕೈಗವಸು ಕೊಡಲಿ, ಗುಂಡಿ ತೋಡಿಸಲಿ, ಎರಡು ವಾರ ಬಿಟ್ಟು ಇನ್ನೊಂದು ಸುತ್ತು ನಡೆಸಲಿ. ಮರುಬಿತ್ತನೆಗೆ ಕೊಡುವ ಪರಿಹಾರಕ್ಕಿಂತ ಇದಕ್ಕೆ ಬಹಳ ಕಡಿಮೆ ಖರ್ಚಾಗುತ್ತದೆ ಎಂದು ನಾನು ನಂಬಿದ್ದೇನೆ.

ಬೇಸಿಗೆಯಲ್ಲಿ ಒಬ್ಬೊಬ್ಬರೇ ಮಾಡಬಹುದಾದದ್ದೂ ಇದೆ. ಬದುವಿನ ಕಲ್ಲು ಮಗುಚಿ, ಹುಲ್ಲು ಕೆತ್ತಿ, ಮಾಗಿ ಉಳುಮೆ ಮಾಡಿದರೆ ಮಲಗಿದ ಹುಳುಗಳು ಬಿಸಿಲಿಗೆ ಬೀಳುತ್ತವೆ; ಹಕ್ಕಿಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ತೋಟದ ಮನೆಯ ಹಿಂದಿನ ಇಟ್ಟಿಗೆ ರಾಶಿ, ಹಳೆಯ ಹೆಂಚಿನ ಗುಡ್ಡೆ, ಪಾಲಿಥೀನ್ ಚೀಲಗಳ ಕಂತೆ ಎತ್ತಿ ನೋಡಬೇಕು. ನರ್ಸರಿಯಿಂದ ಕಾಫಿ, ಅಡಿಕೆ, ಬಾಳೆ, ಹೂವಿನ ಸಸಿ ಯಾವುದನ್ನೇ ತಂದರೂ ಚೀಲದ ಮೇಲ್ಮಣ್ಣನ್ನು ಬೆರಳಿನಿಂದ ಕೆದಕಿ ಮೊಟ್ಟೆ ಇದೆಯೇ ನೋಡಿ, ಇದ್ದರೆ ಆ ಸಸಿಯನ್ನು ಹಿಂದಿರುಗಿಸುವ ಮುನ್ನ ನರ್ಸರಿಯವರಿಗೇ ತೋರಿಸಬೇಕು, ಅವರ ಪಾತಿಗಳಲ್ಲೂ ಹುಡುಕಿಸಬೇಕು. ಊರಿನಲ್ಲಿ ಕುಂಡ ಇಟ್ಟು ಸೊಪ್ಪು ಬೆಳೆಯುವವರು ನೀರನ್ನು ಸಂಜೆಯ ಬದಲು ಬೆಳಿಗ್ಗೆ ಹಾಕಲಿ. ರಾತ್ರಿಯ ಹೊತ್ತಿಗೆ ಮಣ್ಣಿನ ಮೇಲ್ಪದರ ಆರಿದ್ದರೆ ಹುಳುವಿಗೆ ತೆವಳುವುದು ಕಷ್ಟ, ಪಾಲಕ್ಕಿನ ಎಳೆ ಎಲೆ ಬೆಳಿಗ್ಗೆಯವರೆಗೂ ಉಳಿಯುತ್ತದೆ.